ಕೃಷಿ ವಿಭಾಗದ ಕ್ಯಾಸೆಟ್ಟುಗಳು

ಅರಸೀಕೆರೆಯಿಂದ ಓದುಗರೊಬ್ಬರ ಕಾಗದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ‘ಸ್ವಾಮೀ, ವಾರ ವಾರ ಪುಟ್ಟಣ್ಣ, ಪಂತುಲು ಅಂತ ಬರೀತೀರಿ, ಸಂತೋಷ. ಆದರೆ ವಿಡಿಯೊ ಲೈಬ್ರರಿ ಕಾಲದಲ್ಲಿ, ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋದಾಗ ತಂದು ನೋಡುತ್ತಿದ್ದ ಆ ಇಂಗ್ಲಿಷ್ ಪಿಕ್ಚರುಗಳ ಬಗ್ಗೆ ಯಾಕೆ ಯಾರೂ ಬರೆಯೋದಿಲ್ಲ? ಒಂದು ಕೊಲೆ ಇರುತ್ತಿತ್ತು, ಒಂದು ದೊಡ್ಡ ಬಂಗಲೆ ಇರುತ್ತಿತ್ತು, ಹಿಂದೆ ಸ್ಯಾಕ್ಸೋಫೋನ್ ಊದುತ್ತಿತ್ತು. ನನಗೀಗ 54 ವರ್ಷ. ನೆನೆಸಿಕೊಂಡರೆ ನಾಚಿಕೆಯೂ ಆಗುತ್ತೆ, ಖುಷಿಯೂ ಆಗುತ್ತೆ. ಇದು ತಪ್ಪೇ?’

ತಪ್ಪೇನು ಬಂತು ಸ್ವಾಮೀ! ನಮ್ಮ ಈ ವಾರಪತ್ರಿಕೆಯನ್ನೇ ನೋಡಿ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ದಿನಪತ್ರಿಕೆಯ ಮಡಿಕೆಯೊಳಗೆ ಸೇರಿಸಿ, ಪಕ್ಕದ ಸೀಟಿನವರಿಗೆ ನಡುಪುಟ ಕಾಣದ ಹಾಗೆ ಓದುವವರು ಎಷ್ಟಿಲ್ಲ? ಅಂಥವರ ಕಾಸಿನಿಂದಲೇ ನನಗೂ ಈ ಕಾಲಂಗೆ ಸಂಭಾವನೆ ಬರೋದು. ಹಾಗಾಗಿ ಬಚ್ಚಿಟ್ಟುಕೊಂಡು ನೋಡುವ ಸರಕಿನ ಬಗ್ಗೆ ಬರೆಯೋ ಯೋಗ್ಯತೆ ನನಗಲ್ಲದೆ ಇನ್ಯಾರಿಗಿದೆ!

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಹುಟ್ಟಿದ್ದು 1997ರಲ್ಲಿ. ಅಮೆರಿಕದಲ್ಲಿ ಡಿವಿಡಿ ಮಾರಾಟಕ್ಕೆ ಬಂದದ್ದೂ ಅದೇ ವರ್ಷ. ಅಂದರೆ ನಾನು ತೊಟ್ಟಿಲಲ್ಲಿದ್ದಾಗಲೇ ಕ್ಯಾಸೆಟ್ಟಿಗೆ ಕಾಲ ಕೂಡಿಬಂದಿತ್ತು. ಈ ಚಿತ್ರಗಳನ್ನು ನಾನು ನೋಡಿದ್ದು ಮೊಬೈಲಿನಲ್ಲಿ, ಯಾರೋ ಪುಣ್ಯಾತ್ಮರು ಸವೆದ ಕ್ಯಾಸೆಟ್ಟಿನಿಂದ ಇಳಿಸಿದ್ದ ಗೀರುಗೀರಿನ ಪ್ರತಿಗಳಲ್ಲಿ. ನಾನಿಲ್ಲದ ಕಾಲದ ಮೇಲೆ ನನಗೆ ಯಾಕಿಷ್ಟು ಮೋಹ ಅಂತ ಕೇಳಬಹುದು. ಕಾರಣ ಮನೆಯಲ್ಲೇ ಇದೆ. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಈ ಜಾತಿಯ ಚಿತ್ರ ಹುಟ್ಟಿದ ಬಗೆ ಕೇಳಿ. ಇಂಗ್ಲಿಷಿನಲ್ಲಿ ಇದಕ್ಕೆ ಎರಾಟಿಕ್ ಥ್ರಿಲ್ಲರ್ ಅಂತ ಹೆಸರು. ಶೃಂಗಾರಕ್ಕೆ ಪತ್ತೇದಾರಿ ಬೆರೆಸಿದ ಮಿಕ್ಸ್ಚರ್. ದೊಡ್ಡ ಮನೆತನದ ಚಿತ್ರಗಳು ನಿಮಗೆ ಗೊತ್ತೇ ಇವೆ: 1981ರ ‘ಬಾಡಿ ಹೀಟ್’, 1987ರ ‘ಫೇಟಲ್ ಅಟ್ರ್ಯಾಕ್ಷನ್’, 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’. ಈ ಕೊನೆಯ ಚಿತ್ರದ ಕಥೆಗೇ ಜೋ ಎಸ್ಟರ್ಹಾಸ್ ಎಂಬ ಬರಹಗಾರನಿಗೆ 30 ಲಕ್ಷ ಡಾಲರ್ ಸಂದಾಯವಾಯಿತು. ಶ್ರೀಮಂತರ ಮನೆಯ ಈ ಮಕ್ಕಳ ಹಿಂದೆಯೇ ಬಡವರ ಮನೆಯ ನೂರಾರು ತಮ್ಮಂದಿರು ಹುಟ್ಟಿಕೊಂಡರು. ಥಿಯೇಟರಿನ ಮುಖ ಕಾಣದೆ ನೇರ ಕ್ಯಾಸೆಟ್ಟಿಗೆ ಇಳಿದವು ಅವು. ಎಸ್ಟರ್ಹಾಸ್‌ಗೆ ಕೊಟ್ಟ ದುಡ್ಡಿನಲ್ಲಿ ಇಂಥವನ್ನು ಎರಡೋ ಮೂರೋ ಪೂರ್ತಿ ತೆಗೆದು, ಡಬ್ಬ ತುಂಬಿಸಿ, ಊಟದ ಬಿಲ್ಲೂ ಕೊಡಬಹುದಿತ್ತು.

ಇವನ್ನು ಸಾಕಿದ ತಾಯಿ ಯಾರು ಅಂದರೆ ಬಾಡಿಗೆ ಅಂಗಡಿ. 1977ರ ಕೊನೆಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾರ್ಜ್ ಅಟ್ಕಿನ್‌ಸನ್ ಎಂಬಾತ 50 ಚಿತ್ರಗಳ ಕ್ಯಾಸೆಟ್ ಇಟ್ಟುಕೊಂಡು ಬಾಡಿಗೆಗೆ ಕೂತ. ಸ್ಟುಡಿಯೊ ದಣಿಗಳು ಕೆಂಡವಾದರು. ಆದರೆ ಅಲ್ಲಿನ ಕಾನೂನು ಸ್ಪಷ್ಟವಾಗಿತ್ತು. ದುಡ್ಡು ಕೊಟ್ಟು ಕೊಂಡ ಕ್ಯಾಸೆಟ್ ಕೊಂಡವನದು, ಬಾಡಿಗೆಗೆ ಕೊಡೋದು ಅವನ ಇಷ್ಟ. ಸರಿ, ಹಾಗಾದರೆ ಬೆಲೆಯಲ್ಲೇ ವಸೂಲು ಮಾಡ್ತೀವಿ ಅಂತ ಕಂಪನಿಗಳು ಒಂದೊಂದು ಕ್ಯಾಸೆಟ್ಟಿಗೆ 80, 90 ಡಾಲರ್ ಇಟ್ಟವು. ಮನೆಯವರು ಅಷ್ಟು ಕೊಟ್ಟು ಕೊಳ್ಳುತ್ತಾರೆಯೆ? ಇಲ್ಲ. ಅಂಗಡಿಯವನು ಮಾತ್ರ ಕೊಳ್ಳುತ್ತಿದ್ದ.

ಇಲ್ಲೇ ಇರೋದು ಸ್ವಾರಸ್ಯ. ಬೆಲೆ ಹೆಚ್ಚಾದ್ದರಿಂದ ಅಂಗಡಿಯವನು ದೊಡ್ಡ ಚಿತ್ರದ ಪ್ರತಿಗಳನ್ನೂ ಬೆರಳೆಣಿಕೆಯಷ್ಟೇ ತರಿಸುತ್ತಿದ್ದ. ಶನಿವಾರ ಸಂಜೆ ಗಂಡಹೆಂಡಿರು ಕಾರು ನಿಲ್ಲಿಸಿ ‘ಬೇಸಿಕ್ ಇನ್‌ಸ್ಟಿಂಕ್ಟ್’ ಕೇಳಿದರೆ, ‘ಎಲ್ಲ ಹೊರಗೆ ಹೋಗಿವೆ’ ಅನ್ನೋ ಉತ್ತರ. ಬರಿಗೈಲಿ ಮನೆಗೆ ಹೋಗೋದು ಹೇಗೆ? ಪಕ್ಕದಲ್ಲೇ ಅದೇ ಕುಲದ ಇನ್ನೊಂದು ಡಬ್ಬಿ. ಕಪ್ಪು ಹಿನ್ನೆಲೆ, ಕೆಂಪು ತುಟಿ, ಒಂದು ಪಿಸ್ತೂಲು, ಜಾರಿದ ಸೆರಗಿನಂಥದ್ದೇನೋ ಒಂದು. ಹೆಸರೂ ಅದೇ ಧಾಟಿ. ‘ಅನಿಮಲ್ ಇನ್‌ಸ್ಟಿಂಕ್ಟ್ಸ್’, ‘ಬಾಡಿ ಕೆಮಿಸ್ಟ್ರಿ’, ‘ನೈಟ್ ರಿದಮ್ಸ್’, ‘ಸೀಕ್ರೆಟ್ ಗೇಮ್ಸ್’, ‘ಇನ್‌ಡೀಸೆಂಟ್ ಬಿಹೇವಿಯರ್’, ‘ಇಲ್ಲಿಸಿಟ್ ಡ್ರೀಮ್ಸ್’. ಬಾಡಿ, ನೈಟ್, ಸೀಕ್ರೆಟ್, ಫೇಟಲ್ ಅನ್ನೋ ನಾಲ್ಕು ಚೀಟಿ ಒಂದು ಡಬ್ಬಿಯಲ್ಲಿ, ಗೇಮ್, ಡ್ರೀಮ್, ಹೀಟ್, ಐಸ್ ಅನ್ನೋ ನಾಲ್ಕು ಇನ್ನೊಂದರಲ್ಲಿ ಹಾಕಿ ಎತ್ತಿ ನೋಡಿ, ನಿಮಗೂ ಒಂದು ಚಿತ್ರದ ಹೆಸರು ಸಿಕ್ಕೇ ಸಿಗುತ್ತೆ!

ಒಂದು ಲೆಕ್ಕ ಹಾಕೋಣ. ಸುಮ್ಮನೆ ಉದಾಹರಣೆಗೆ. ದೇಶದಲ್ಲಿ ಹತ್ತು ಸಾವಿರ ಅಂಗಡಿಗಳು ತಲಾ ಒಂದೇ ಒಂದು ಪ್ರತಿ ಕೊಂಡವು ಅನ್ನಿ. ಒಂದೊಂದರಿಂದ 50 ಡಾಲರ್ ಹಂಚಿಕೆದಾರನ ಕೈ ಸೇರಿದರೆ ಐದು ಲಕ್ಷ ಡಾಲರ್. ಮೇಲೆ ನಡುರಾತ್ರಿಯ ಕೇಬಲ್ ಚಾನೆಲ್‌ಗೆ ಮಾರಾಟ, ಹೊರದೇಶಗಳ ಹಕ್ಕು. ಹೊರದೇಶದವರಿಗೆ ಮಾರಲು 1981ರಿಂದ ‘ಅಮೆರಿಕನ್ ಫಿಲ್ಮ್ ಮಾರ್ಕೆಟ್’ ಎಂಬ ಸಂತೆಯೇ ಇತ್ತು. ಅಲ್ಲಿ ಎಷ್ಟೋ ಸಲ ಚಿತ್ರಕ್ಕಿಂತ ಮೊದಲು ಪೋಸ್ಟರ್ ಮಾರಾಟವಾಗುತ್ತಿತ್ತು. ನಮ್ಮ ಗಾಂಧಿನಗರದಲ್ಲಿ ಮುಹೂರ್ತದ ಫೋಟೊ ತೋರಿಸಿ ಅಡ್ವಾನ್ಸ್ ತರುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೇ.

ಕೈಯಲ್ಲಿ ಕಾಸು ಕಡಿಮೆ, ಶೂಟಿಂಗ್‌ಗೆ ಮೂರೇ ವಾರ. ಅದಕ್ಕೇ ಕಥೆಯೆಲ್ಲ ಒಂದೇ ಬಂಗಲೆಯಲ್ಲಿ ನಡೆಯೋದು. ಪಾತ್ರ ನಾಲ್ಕೋ ಐದೋ. ರಾತ್ರಿ ಹೊತ್ತು, ನೀಲಿ ಬೆಳಕು, ಕಿಟಕಿಗೆ ಪಟ್ಟಿಪಟ್ಟಿ ಪರದೆ, ಅದರ ನೆರಳು ನಾಯಕಿಯ ಮುಖದ ಮೇಲೆ. ಪಂಡಿತರು ಇದನ್ನು ನಲವತ್ತರ ದಶಕದ ಕಪ್ಪುಬಿಳುಪು ಪತ್ತೇದಾರಿ ಚಿತ್ರಗಳ ಪ್ರಭಾವ ಅಂತಾರೆ. ಇರಬಹುದು. ಆದರೆ ಕತ್ತಲಲ್ಲಿ ಸೆಟ್ಟಿನ ಬಡತನ ಕಾಣೋದಿಲ್ಲ ಅನ್ನೋದೂ ನಿಜ ತಾನೆ? ಇನ್ನು ಮೇಣದ ಬತ್ತಿ! ಒಂದೊಂದು ಚಿತ್ರದಲ್ಲಿ ಹಚ್ಚಿರೋ ಬತ್ತಿ ನೋಡಿದರೆ ಆ ಮನೆಗೆ ಕರೆಂಟ್ ಬಿಲ್ ಕಟ್ಟಿಲ್ಲವೇನೋ ಅನ್ನಿಸುತ್ತೆ.

ಒಂದೇ ಚಿತ್ರವನ್ನು ಎರಡು ಬಗೆಯಲ್ಲಿ ಕತ್ತರಿಸಿ ಮಾರೋದೂ ಇತ್ತು. ಸರ್ಟಿಫಿಕೇಟ್ ಇರುವ ‘ಆರ್’ ಪ್ರತಿ ಒಂದು, ಸರ್ಟಿಫಿಕೇಟಿನ ಗೊಡವೆಯಿಲ್ಲದ ‘ಅನ್‌ರೇಟೆಡ್’ ಪ್ರತಿ ಇನ್ನೊಂದು. ಬ್ಲಾಕ್‌ಬಸ್ಟರ್ ಎಂಬ ದೊಡ್ಡ ಬಾಡಿಗೆ ಕಂಪನಿ 1985ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದ್ದು. ತಾನು ಸಂಸಾರಸ್ಥರ ಅಂಗಡಿ, ‘ಎನ್‌ಸಿ-17’ ಮುದ್ರೆಯ ಚಿತ್ರ ಇಡೋದಿಲ್ಲ ಅಂತ ಬಹಳ ಮಡಿ ಮಾಡುತ್ತಿತ್ತು. ಮಡಿಯೂ ಇತ್ತು, ಪಕ್ಕದ ಕಪಾಟಿನಲ್ಲಿ ‘ಆರ್’ ಮುದ್ರೆಯ ಕೆಂಪು ತುಟಿಯೂ ಇತ್ತು.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದರೆ ಒಂದು ಚಿತ್ರದ ಹತ್ತಿರ ಬರಬೇಕಿತ್ತು. 1990ರ ‘ನೈಟ್ ಐಸ್’. ಕ್ಯಾಸೆಟ್ ಮಾರುಕಟ್ಟೆಯ ಈ ಬೆಳೆಗೆ ಮೊದಲ ಬಿತ್ತನೆಗಳಲ್ಲಿ ಇದೂ ಒಂದು. ರಾಕ್ ಹಾಡುಗಾರನೊಬ್ಬ ಹೆಂಡತಿಯಿಂದ ವಿಚ್ಛೇದನ ಪಡೆಯೋಕೆ ಸಾಕ್ಷಿ ಹುಡುಕ್ತಾನೆ. ಮನೆಯಲ್ಲೆಲ್ಲ ಕ್ಯಾಮೆರಾ ಇಟ್ಟು ಅವಳನ್ನು ಕಾಯಲು ಸೆಕ್ಯುರಿಟಿಯವನೊಬ್ಬನನ್ನು ನೇಮಿಸ್ತಾನೆ. ಕಾಯೋಕೆ ಕೂತವನು ಟೀವಿ ಪರದೆಯ ಮೇಲೆ ಅವಳನ್ನು ನೋಡ್ತಾ ನೋಡ್ತಾ ಮರುಳಾಗ್ತಾನೆ. ನಾಯಕ ಆ್ಯಂಡ್ರೂ ಸ್ಟೀವನ್ಸ್. ಕಥೆ ಬರೆದವರಲ್ಲೂ ಒಬ್ಬ. ನಾಯಕಿ ತಾನ್ಯಾ ರಾಬರ್ಟ್ಸ್, 1985ರ ಜೇಮ್ಸ್ ಬಾಂಡ್ ಚಿತ್ರ ‘ಎ ವ್ಯೂ ಟು ಎ ಕಿಲ್’ನ ಬೆಡಗಿ. ಇದಕ್ಕೆ ಮೂರು ಮುಂದುವರಿದ ಭಾಗಗಳು ಬಂದವು.

ಚಿತ್ರ ಅಂಥ ಅದ್ಭುತ ಅಂತ ನಾನು ಹೇಳೋದಿಲ್ಲ. ನಡುವೆ ತೂಕಡಿಕೆ ಬರುತ್ತೆ. ಆದರೆ ಒಂದು ಜಾಗದಲ್ಲಿ ನನಗೆ ಚುರುಕ್ ಅಂತು. ಕಾವಲುಗಾರ ಕತ್ತಲ ಕೋಣೆಯಲ್ಲಿ ಒಬ್ಬನೇ ಸಣ್ಣ ಟೀವಿ ಮುಂದೆ ಕೂತಿದ್ದಾನೆ. ಅವನನ್ನು ನೋಡ್ತಾ ನಾನು ಕತ್ತಲ ಕೋಣೆಯಲ್ಲಿ ಒಬ್ಬನೇ ಇನ್ನೂ ಸಣ್ಣ ಪರದೆ ಹಿಡಿದು ಕೂತಿದ್ದೀನಿ. ಅರಸೀಕೆರೆಯ ಸ್ವಾಮಿಗಳೂ ಹಾಗೇ ಕೂತಿದ್ದಿರಬೇಕು, ಬಾಗಿಲ ಕಡೆ ಒಂದು ಕಿವಿ ಇಟ್ಟು. ಥಿಯೇಟರಿನಲ್ಲಿ ಸಾವಿರ ಜನರ ನಡುವೆ ಹೀಗೆ ಅನ್ನಿಸೋದಿಲ್ಲ. ಈ ಚಿತ್ರ ಕ್ಯಾಸೆಟ್ಟಿಗೇ ಹೇಳಿ ಮಾಡಿಸಿದ್ದು.

ನಿರ್ದೇಶಕ ಯಾರು ಬಲ್ಲಿರಾ? ಜಗ್ ಮುಂದ್ರಾ. ಹೌದು, ನಮ್ಮವರೇ! 1948ರಲ್ಲಿ ನಾಗಪುರದಲ್ಲಿ ಹುಟ್ಟಿ, ಕಲ್ಕತ್ತೆಯ ಸಂಪ್ರದಾಯಸ್ಥ ಮಾರವಾಡಿ ಮನೆಯಲ್ಲಿ ಬೆಳೆದವರು. ಸಿನಿಮಾ ಅಂದರೆ ಮೂಗು ಮುರಿಯುವ ಮನೆ. ಬೊಂಬಾಯಿಯ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಅಮೆರಿಕದ ಮಿಷಿಗನ್‌ಗೆ ಹೋದರು, ಅಲ್ಲಿ ಮಾರ್ಕೆಟಿಂಗ್ ಓದಿದರು, ಆಮೇಲೆ ಎಲ್ಲ ಬಿಟ್ಟು ಸಿನಿಮಾ ಹಿಡಿದರು. (ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಐಐಟಿ ಮುಗಿಸಿ ಬಿಡುವವರನ್ನು ಕಂಡರೆ ಸ್ವಲ್ಪ ಹೊಟ್ಟೆ ಉರಿ. ಇರಲಿ.)

ಮೊದಲು ಅವರು ತೆಗೆದದ್ದು ಹಿಂದಿ ಚಿತ್ರಗಳನ್ನೇ. 1982ರಲ್ಲಿ ‘ಸುರಾಗ್’. 1984ರಲ್ಲಿ ‘ಕಮಲಾ’, ವಿಜಯ್ ತೆಂಡೂಲ್ಕರರ ನಾಟಕ. ಪತ್ರಕರ್ತನೊಬ್ಬ ಹೆಣ್ಣುಮಕ್ಕಳ ಮಾರಾಟ ಬಯಲಿಗೆಳೆಯಲು ತಾನೇ ದುಡ್ಡು ಕೊಟ್ಟು ಒಬ್ಬ ಹೆಣ್ಣನ್ನು ಕೊಂಡುತಂದು ಪತ್ರಿಕಾಗೋಷ್ಠಿಯಲ್ಲಿ ನಿಲ್ಲಿಸ್ತಾನೆ. ಅವಳ ಗತಿ ಏನು ಅಂತ ಮಾತ್ರ ಅವನು ಕೇಳೋದಿಲ್ಲ. ಶಬಾನಾ ಆಜ್ಮಿ, ದೀಪ್ತಿ ನವಲ್ ಅಭಿನಯ. ಹೆಣ್ಣನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ದುಡ್ಡು, ಹೆಸರು ಮಾಡೋದು ಅಂದರೇನು ಅಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ಅವರು ಅನ್ನೋದಕ್ಕೆ ಇದನ್ನು ಹೇಳಿದೆ.

ಆಮೇಲೆ ಹಾಲಿವುಡ್ಡಿನ ಹೊರ ಅಂಗಳದಲ್ಲಿ ದೆವ್ವದ ಚಿತ್ರ, ಕೊಲೆಯ ಚಿತ್ರ, ‘ನೈಟ್ ಐಸ್’, ಮತ್ತೆ ಅದೇ ಸಾಲಿನಲ್ಲಿ ‘ಲೀಗಲ್ ಟೆಂಡರ್’ (1991), ‘ದಿ ಅದರ್ ವುಮನ್’ (1992), ‘ಸೆಕ್ಷುಯಲ್ ಮ್ಯಾಲಿಸ್’ (1994). ಹೊಟ್ಟೆಪಾಡು ಅಂತ ಒಂದೇ ಮಾತಲ್ಲಿ ತಳ್ಳಿಹಾಕಬಹುದು. ಆದರೆ 1994ರಲ್ಲೇ ತೆಗೆದ ‘ಇಂಪ್ರಾಪರ್ ಕಾಂಡಕ್ಟ್’ ನೋಡಿ. ಕಚೇರಿಯಲ್ಲಿ ಮೇಲಿನವನ ಕಿರುಕುಳ ತಾಳಲಾರದೆ ಹುಡುಗಿಯೊಬ್ಬಳು ಕೋರ್ಟಿಗೆ ಹೋಗ್ತಾಳೆ. ಸೋಲ್ತಾಳೆ, ಸಾಯ್ತಾಳೆ. ಅವಳ ಸೋದರಿ ಸೇಡಿಗೆ ನಿಲ್ತಾಳೆ. ಹಾಸಿಗೆಯ ದೃಶ್ಯಗಳಿಗೆ ಕೊರತೆಯಿಲ್ಲ, ಸ್ಯಾಕ್ಸೋಫೋನಿಗೂ ಕೊರತೆಯಿಲ್ಲ. ಸರಕು ಅದೇ ಹಳೇ ಸರಕು.

ಈಗ ಆರು ವರ್ಷ ಮುಂದೆ ಬನ್ನಿ. 2000ದಲ್ಲಿ ಇದೇ ಜಗ್ ಮುಂದ್ರಾ ‘ಬವಂಡರ್’ ತೆಗೆದರು. ನಂದಿತಾ ದಾಸ್ ನಾಯಕಿ. ರಾಜಸ್ಥಾನದ ಭಂವರಿ ದೇವಿಯ ಕಥೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಕೋರ್ಟು ಆರೋಪಿಗಳನ್ನು ಆ ಅಪರಾಧದಿಂದ ಬಿಡುಗಡೆ ಮಾಡಿತು. ಆದರೆ ಆ ಪ್ರಕರಣದಿಂದ ಎದ್ದ ಕೂಗೇ ಸುಪ್ರೀಂ ಕೋರ್ಟ್ ಮುಟ್ಟಿ, 1997ರಲ್ಲಿ ‘ವಿಶಾಖಾ’ ತೀರ್ಪು ಬಂತು. ಕೆಲಸದ ಜಾಗದಲ್ಲಿ ಹೆಣ್ಣಿಗೆ ಕಿರುಕುಳ ಆದರೆ ಏನು ಮಾಡಬೇಕು ಅಂತ ಈ ದೇಶದಲ್ಲಿ ಮೊದಲ ನಿಯಮಗಳು ಬಂದದ್ದು ಅದರಿಂದ. ಕೆಲಸದಲ್ಲಿ ಕಿರುಕುಳ, ಕೋರ್ಟಿನಲ್ಲಿ ಸೋಲು. ನಡುರಾತ್ರಿಯ ಕ್ಯಾಸೆಟ್ಟಿನಲ್ಲಿ ಒಂದು ಸಲ ಹೇಳಿದ ಕಥೆಯನ್ನೇ ಹಗಲು ಬೆಳಕಿನಲ್ಲಿ ಇನ್ನೊಂದು ಸಲ ಹೇಳಿದ ಹಾಗಿಲ್ಲವೆ? 2006ರಲ್ಲಿ ಐಶ್ವರ್ಯಾ ರೈ ಅಭಿನಯದ ‘ಪ್ರೊವೋಕ್ಡ್’ ತೆಗೆದವರೂ ಇವರೇ. ಗಂಡನ ಹೊಡೆತ ತಾಳದೆ ಅವನಿಗೆ ಬೆಂಕಿ ಇಟ್ಟು, ಇಂಗ್ಲೆಂಡಿನಲ್ಲಿ ಜೈಲು ಸೇರಿ, 1992ರಲ್ಲಿ ಬಿಡುಗಡೆಯಾದ ಕಿರಣ್‌ಜೀತ್ ಅಹ್ಲುವಾಲಿಯಾ ಕಥೆ. ಮುಂದ್ರಾ 2011ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ತೀರಿಕೊಂಡರು.

ಹಾಗಂತ ಹಸಿಬಿಸಿ ಚಿತ್ರಗಳಿಗೆಲ್ಲ ಗಂಧ ಹಚ್ಚಿ ಪೂಜೆಗೆ ಕೂರಿಸುತ್ತಿಲ್ಲ ನಾನು. ನೂರಕ್ಕೆ ತೊಂಬತ್ತು ಕಳಪೆ. ಆದರೆ ಕೈ ಪಳಗಿದ್ದು ಅಲ್ಲೇ. ಮೂರು ವಾರದಲ್ಲಿ, ಒಂದು ಮನೆಯಲ್ಲಿ, ನಾಲ್ಕು ಜನರನ್ನಿಟ್ಟುಕೊಂಡು ಕಥೆ ಹೇಳೋದನ್ನು ಯಾವ ಶಾಲೆಯಲ್ಲಿ ಕಲಿಸ್ತಾರೆ? ನಮ್ಮಲ್ಲೂ 1984ರಲ್ಲಿ ಕಾಶೀನಾಥ್ ‘ಅನುಭವ’ ತೆಗೆದಾಗ ಮಡಿವಂತರು ಕಿವಿ ಮುಚ್ಚಿಕೊಂಡು ಥಿಯೇಟರಿಗೆ ಹೋದರು. ಅದರಲ್ಲಿದ್ದ ಉಮಾಶ್ರೀಯೇ ಮುಂದೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, 2013ರಲ್ಲಿ ಮಂತ್ರಿಯೂ ಆದರು.

ಸರಿ, ಈಗ ಮನೆಯ ಕಥೆ.

ನಮ್ಮ ಸೋದರಮಾವ 1989ರಿಂದ 1999ರವರೆಗೆ ವಿಡಿಯೊ ಲೈಬ್ರರಿ ಇಟ್ಟಿದ್ದರು. ಊರು ಯಾವುದು ಅಂತ ಕೇಳಬೇಡಿ. ‘ಬರಿ, ಏನ್ ಬೇಕಾದ್ರೂ ಬರಿ, ಊರ ಹೆಸರು ಮಾತ್ರ ಹಾಕ್ಬೇಡ ಕಣೋ’ ಅಂದಿದ್ದಾರೆ. ಬೆಂಗಳೂರಿಂದ ಮಂಗಳೂರಿಗೆ ಹೋಗೋ ದಾರಿಯ ಒಂದು ತಾಲ್ಲೂಕು ಊರು ಅಂದುಕೊಳ್ಳಿ. ಹತ್ತಡಿ ಅಗಲದ ಅಂಗಡಿ. ಕನ್ನಡ, ಹಿಂದಿ, ತಮಿಳು ಕ್ಯಾಸೆಟ್ಟಿಗೆ ದಿನಕ್ಕೆ 10 ರೂಪಾಯಿ. ಡಿಪಾಸಿಟ್ 200. ಟೀವಿ, ವಿಸಿಪಿ ಎರಡೂ ಬೇಕೆಂದರೆ ಹುಡುಗ ಸೈಕಲ್ ಮೇಲೆ ಹೊತ್ತು ತಂದು ಜೋಡಿಸಿಕೊಟ್ಟು ಹೋಗ್ತಿದ್ದ. ರಿವೈಂಡ್ ಮಾಡದೆ ತಂದರೆ ಎರಡು ರೂಪಾಯಿ ಫೈನು. ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಅತ್ತೆ ಅವನ್ನೆಲ್ಲ ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಹರವುತ್ತಿದ್ದರಂತೆ.

ಆ ಕಾಲದ ದಪ್ಪ ರಿಜಿಸ್ಟರ್ ಇನ್ನೂ ಮಾವನ ಹತ್ತಿರ ಇದೆ. ತಿರುವಿ ಹಾಕ್ತಾ ಕೂತಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ‘ಕೃಷಿ-3’, ‘ಕೃಷಿ-7’, ‘ಕೃಷಿ-11’. ವಾರಕ್ಕೆ ಹತ್ತಿಪ್ಪತ್ತು ಸಲ.

‘ಏನ್ ಮಾವ ಇದು? ನಿಮ್ಮೂರಲ್ಲಿ ಬೇಸಾಯದ ಮೇಲೆ ಜನಕ್ಕೆ ಇಷ್ಟೊಂದು ಆಸಕ್ತಿ ಇತ್ತಾ?’

ಮಾವ ಬಾಗಿಲ ಕಡೆ ನೋಡಿ ನಕ್ಕರು. ‘ಹೆಸರು ಹೇಳಿ ಕೇಳೋಕೆ ಆಗ್ತಿತ್ತೇನೋ? ಅಂಗಡೀಲಿ ಹೆಂಗಸರು, ಮಕ್ಕಳು ಇರೋರು. ಬಂದು, ಕೃಷಿದು ಹೊಸದು ಬಂದಿದ್ಯಾ ಅನ್ನೋರು. ಕೊಡ್ತಿದ್ದೆ. ಇಪ್ಪತ್ತು ರೂಪಾಯಿ.’

ಕೃಷಿ-11 ಯಾವುದು ಗೊತ್ತೇ? ‘ನೈಟ್ ಐಸ್’! ಹೆಸರಿನ ಪಟ್ಟಿ ರಿಜಿಸ್ಟರಿನ ಕೊನೇ ಹಾಳೆಯಲ್ಲಿ ಪೆನ್ಸಿಲಿನಲ್ಲಿದೆ. ಕಲ್ಕತ್ತೆಯ ಮಾರವಾಡಿ ಮನೆಯ ಹುಡುಗ ಲಾಸ್ ಏಂಜಲಿಸ್‌ನಲ್ಲಿ ತೆಗೆದ ಚಿತ್ರ, ಸಮುದ್ರ ದಾಟಿ, ಬೊಂಬಾಯಿಯ ಯಾವುದೋ ಹಿತ್ತಿಲಲ್ಲಿ ಪ್ರತಿಯಿಂದ ಪ್ರತಿಯಾಗಿ, ನಮ್ಮ ಮಾವನ ಅಂಗಡಿಯಲ್ಲಿ ಕೃಷಿ ಇಲಾಖೆಗೆ ಸೇರಿತ್ತು. ನಿರ್ದೇಶಕ ನಮ್ಮವರೇ ಅಂತ ನಾನು ಹೇಳಿದಾಗ ಮಾವ ನಂಬಲಿಲ್ಲ. ‘ಇಂಡಿಯಾದೋನಾ? ಸುಮ್ನಿರೋ!’

ಸಂಕೋಚ ಬಿಟ್ಟು ಹೇಳಬೇಕಾದ ಮಾತಿದು. ಆ ಪ್ರತಿಗಳೆಲ್ಲ ಕಳ್ಳ ಮಾಲು. ಮಾವ ಗಳಿಸಿದ ಇಪ್ಪತ್ತು ರೂಪಾಯಿಯಲ್ಲಿ ಮುಂದ್ರಾಗಾಗಲಿ ತಾನ್ಯಾ ರಾಬರ್ಟ್ಸ್‌ಗಾಗಲಿ ಒಂದು ಪೈಸೆಯೂ ಹೋಗಿಲ್ಲ. ‘ಆಹಾ, ಎಂಥ ಮುಗ್ಧ ಕಾಲ’ ಅಂತ ಹಳಬರು ನಿಟ್ಟುಸಿರು ಬಿಟ್ಟಾಗ ನನಗೆ ಇದು ನೆನಪಾಗುತ್ತೆ. ಅಮೆರಿಕದ ಅಂಗಡಿಯವನು ಒಂದು ಸಲಕ್ಕಾದರೂ 80 ಡಾಲರ್ ಕೊಟ್ಟು ಕೊಂಡಿದ್ದ. ನಮ್ಮ ಕಡೆ ಅದೂ ಇಲ್ಲ.

ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮಮ್ಮನ ಮದುವೆ ಛತ್ರದ ಬಾಡಿಗೆ ಕಟ್ಟಿದ್ಯಾರು ಅಂದ್ಕೊಂಡಿದೀಯ?’ ಅಂದರು. ಮದುವೆ 1995ರ ಮೇ ತಿಂಗಳು. ತಾತ ತೀರಿಕೊಂಡು ಎರಡು ವರ್ಷ ಆಗಿತ್ತು. ಕನ್ನಡ, ಹಿಂದಿ ಕ್ಯಾಸೆಟ್ಟಿನ ದುಡ್ಡು ಅಂಗಡಿ ಬಾಡಿಗೆಗೂ ಮನೆ ರೇಷನ್ನಿಗೂ ಸರಿಹೋಗ್ತಿತ್ತು. ಛತ್ರ, ಅಡಿಗೆಯವರು, ಎರಡು ಬಳೆ, ಇವೆಲ್ಲ ಕೃಷಿ ಆದಾಯ. ನಮ್ಮಮ್ಮನಿಗೆ ಇದು ಇವತ್ತಿನವರೆಗೂ ಗೊತ್ತಿಲ್ಲ. ಅವರು ಈ ಪತ್ರಿಕೆ ತಪ್ಪದೆ ಓದ್ತಾರೆ, ಈ ಕಾಲಮ್ಮನ್ನೇ ಮೊದಲು. ಹಾಗಾಗಿ ಗುರುವಾರದೊಳಗೆ ಗೊತ್ತಾಗುತ್ತೆ. ‘ನಿಮ್ಮಮ್ಮ ಕೇಳಿದ್ರೆ ನನ್ ಹತ್ರ ಕಳ್ಸು, ನಾನೇ ಹೇಳ್ತೀನಿ’ ಅಂದಿದ್ದಾರೆ ಮಾವ. ಆ ಬಳೆಗಳಲ್ಲಿ ಒಂದನ್ನು ಅಡವಿಟ್ಟೇ ಅಮ್ಮ ನನ್ನ ಕಾಲೇಜು ಫೀಸು ಕಟ್ಟಿದ್ದರು. ನಾನು ಕಾಲೇಜು ಬಿಟ್ಟೆ. ಬಳೆ ಮಾತ್ರ ಬಿಡಿಸಿಕೊಟ್ಟಿದ್ದೀನಿ, ಇದೇ ಕಾಲಮ್ಮಿನ ದುಡ್ಡಿನಲ್ಲಿ.

ರಿಜಿಸ್ಟರಿನಲ್ಲಿ ಕೃಷಿ ಎದುರು ಇರೋ ಹೆಸರೆಲ್ಲ ಗಂಡಸರದೇ. ಒಂದು ಕಡೆ ಮಾತ್ರ ಹೆಂಗಸಿನ ಸಹಿ. ಅದರ ಕಥೆ ಕೇಳಿದೆ. ಗಂಡ ತಂದಿಟ್ಟು ಊರಿಗೆ ಹೋಗಿದ್ದ ಕ್ಯಾಸೆಟ್ಟನ್ನು ಹೆಂಡತಿ ವಾಪಸು ತಂದಿದ್ದರಂತೆ. ರಿವೈಂಡ್ ಆಗಿರಲಿಲ್ಲ. ಎರಡು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟು, ಅಂಗಡಿಯಲ್ಲಿ ಬೇರೆ ಗಿರಾಕಿ ಇರೋವಾಗಲೇ, ‘ಅಣ್ಣಾ, ನಿಮ್ಮನೇಲಿ ಇದಕ್ಕೇನಾ ಬೇಸಾಯ ಅನ್ನೋದು?’ ಅಂತ ಕೇಳಿ, ಸಹಿ ಹಾಕಿ ಹೋದರಂತೆ. ಮಾವ ಆ ಮನೆಗೆ ಮತ್ತೆ ಕೃಷಿ ಕ್ಯಾಸೆಟ್ ಕೊಡಲಿಲ್ಲ. ‘ಬೈದಿದ್ರೆ ಮರ್ತುಬಿಡ್ತಿದ್ದೆ. ಆಯಮ್ಮ ಬೈಲಿಲ್ಲ’ ಅಂದರು.

ಅಮೆರಿಕದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಹೆಂಗಸರೂ ಈ ಚಿತ್ರಗಳ ಗಿರಾಕಿಗಳೇ. ಕಥೆಗಳನ್ನು ನೋಡಿದರೆ ತಿಳಿಯುತ್ತೆ. ಗಂಡನಿಗೆ ಬಿಸಿನೆಸ್ಸೇ ಲೋಕ, ದೊಡ್ಡ ಮನೆಯಲ್ಲಿ ಹೆಂಡತಿ ಒಬ್ಬಳೇ, ಅವಳಿಗೇನು ಬೇಕು ಅಂತ ಯಾರೂ ಕೇಳಿಲ್ಲ. ಹತ್ತರಲ್ಲಿ ಆರು ಚಿತ್ರ ಅಲ್ಲಿಂದಲೇ ಶುರು. ಲಿಂಡಾ ರೂತ್ ವಿಲಿಯಮ್ಸ್ ಎಂಬ ಇಂಗ್ಲೆಂಡಿನ ವಿದುಷಿ 2005ರಲ್ಲಿ ಈ ಚಿತ್ರಗಳ ಮೇಲೆ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ.

ಆದರೆ ಹೊರೆ ಹೊತ್ತ ಹೆಣ್ಣುಮಕ್ಕಳಿಗೆ ಸಂದದ್ದೇನು? ಕ್ಯಾಸೆಟ್ ಡಬ್ಬಿಯ ಮೇಲೆ ಇರುತ್ತಿದ್ದುದು ಅವರ ಮುಖ. ಅಂಗಡಿಯವನು ಆರ್ಡರ್ ಹಾಕುತ್ತಿದ್ದುದು ಆ ಮುಖ ನೋಡಿ. ಕೆನಡಾದ ಶ್ಯಾನನ್ ಟ್ವೀಡ್ ಈ ಸಾಮ್ರಾಜ್ಯದ ಪಟ್ಟದ ರಾಣಿ. ‘ನೈಟ್ ಐಸ್’ ಎರಡು, ಮೂರನೇ ಭಾಗ, ‘ಇನ್‌ಡೀಸೆಂಟ್ ಬಿಹೇವಿಯರ್’, ‘ಇಲ್ಲಿಸಿಟ್ ಡ್ರೀಮ್ಸ್’, ಎಲ್ಲದರಲ್ಲೂ ಆಕೆಯೇ. ಗಂಡಸರಿಗೆ ದಾರಿಗಳಿದ್ದವು. ಆ್ಯಂಡ್ರೂ ಸ್ಟೀವನ್ಸ್ ನಿರ್ದೇಶಕನಾದ, ನಿರ್ಮಾಪಕನಾದ. ಗ್ರೆಗರಿ ಹಿಪ್ಪೊಲೈಟ್ ಅಂತ ಹೆಸರಿಟ್ಟುಕೊಂಡು ‘ಅನಿಮಲ್ ಇನ್‌ಸ್ಟಿಂಕ್ಟ್ಸ್’ ತೆಗೆದ ಗ್ರೆಗರಿ ಡಾರ್ಕ್ ಮುಂದೆ ಬ್ರಿಟ್ನಿ ಸ್ಪಿಯರ್ಸ್ ಹಾಡಿಗೆ ವಿಡಿಯೊ ಮಾಡಿದ. ಹೆಸರು ಬದಲಾಯಿಸಿಕೊಂಡು ಆಚೆ ದಡಕ್ಕೆ ದಾಟಿಬಿಡಬಹುದಿತ್ತು ಅವನು. ಮುಖ ಬದಲಾಯಿಸೋದು ಹೇಗೆ?

ತಾನ್ಯಾ ರಾಬರ್ಟ್ಸ್ ಗತಿ ಕೇಳಿ. 2021ರ ಜನವರಿ 3ರಂದು ಆಕೆ ತೀರಿಕೊಂಡಳೆಂದು ಸುದ್ದಿ ಹೊರಟಿತು. ಲೋಕವೆಲ್ಲ ಶ್ರದ್ಧಾಂಜಲಿ ಬರೆಯಿತು. ನೋಡಿದರೆ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡ್ತಿದ್ದಳು! ಮಾರನೇ ದಿನ ನಿಜವಾಗಿಯೂ ಹೋದಳು. ಎರಡು ಸಲ ಸತ್ತ ಆಕೆಗೆ ಎರಡು ಸಲವೂ ಕೊಟ್ಟ ತಲೆಬರಹ ಒಂದೇ: ಬಾಂಡ್ ಬೆಡಗಿ. ‘ನೈಟ್ ಐಸ್’ ಆ ತಲೆಬರಹದಲ್ಲಿ ಎಲ್ಲಿ ಬರಬೇಕು.

ಇಡೀ ವ್ಯಾಪಾರ ಮುಳುಗಿದ್ದು ಬೇಗ. ಡಿವಿಡಿಯನ್ನು ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿ ಮನೆಯವರೇ ಕೊಳ್ಳತೊಡಗಿದರು. 90ರ ದಶಕದ ಕೊನೆಯಲ್ಲಿ ಬ್ಲಾಕ್‌ಬಸ್ಟರ್ ದೊಡ್ಡ ಸ್ಟುಡಿಯೊಗಳ ಜೊತೆ ಬಾಡಿಗೆ ಹಣದಲ್ಲಿ ಪಾಲಿನ ಒಪ್ಪಂದ ಮಾಡಿಕೊಂಡು ಒಂದೇ ಚಿತ್ರದ ಹತ್ತಾರು ಪ್ರತಿ ಇಡತೊಡಗಿತು. ‘ಎಲ್ಲ ಹೊರಗೆ ಹೋಗಿವೆ’ ಅನ್ನೋ ಮಾತೇ ನಿಂತಮೇಲೆ ಪಕ್ಕದ ಡಬ್ಬಿಯ ಕಡೆ ಯಾರು ನೋಡ್ತಾರೆ? ಹಸಿಬಿಸಿ ಬೇಕಾದವರಿಗೆ ಇಂಟರ್ನೆಟ್ ಬಂತು, ಅಲ್ಲಿ ಕಥೆಯ ತಾಪತ್ರಯವೂ ಇಲ್ಲ. ಕೊನೆಗೆ ಬ್ಲಾಕ್‌ಬಸ್ಟರೇ 2010ರಲ್ಲಿ ದಿವಾಳಿ ಎದ್ದಿತು. 2019ರ ಹೊತ್ತಿಗೆ ಭೂಮಿಯ ಮೇಲೆ ಒಂದೇ ಒಂದು ಅಂಗಡಿ ಉಳಿದಿತ್ತು, ಆರೆಗಾನ್ ರಾಜ್ಯದ ಬೆಂಡ್ ಊರಿನಲ್ಲಿ. ನಮ್ಮ ಕಡೆ ಕೇಬಲ್ ಟೀವಿ, ಆಮೇಲೆ ವಿಸಿಡಿ. ಮಾವ ಈಗ ಅದೇ ಹತ್ತಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಪಹಣಿ, ಬೆಳೆ ವಿಮೆಯ ಅರ್ಜಿ ಅಂತ ರೈತರು ಬರ್ತಾರೆ. ಈಗ ನಿಜವಾಗಲೂ ಕೃಷಿ ವಿಭಾಗ!

ಈಗ ಈ ಚಿತ್ರಗಳಿಗೆ ಮತ್ತೆ ಮರ್ಯಾದೆ ಬಂದಿದೆ. 2023ರಲ್ಲಿ ಆ್ಯಂಟನಿ ಪೆಂಟಾ ಎಂಬಾತ ‘ವಿ ಕಿಲ್ ಫಾರ್ ಲವ್’ ಅಂತ ಹತ್ತಿರ ಹತ್ತಿರ ಮೂರು ಗಂಟೆಯ ಸಾಕ್ಷ್ಯಚಿತ್ರ ತೆಗೆದಿದ್ದಾನೆ, ಬರೀ ಈ ಕ್ಯಾಸೆಟ್ ಚಿತ್ರಗಳ ಮೇಲೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ. ಆ ಕಾಲದ ನಟಿಯರನ್ನು ಕೂರಿಸಿ ಮಾತಾಡಿಸಿದ್ದಾನೆ. ಮೋನಿಕ್ ಪೇರೆಂಟ್, ಏಮಿ ಲಿಂಡ್ಸೆ, ಕೀರಾ ರೀಡ್, ಹೀಗೆ. ವಯಸ್ಸಾಗಿದೆ, ನಾಚಿಕೆಯಿಲ್ಲದೆ ತಮ್ಮ ಕೆಲಸವನ್ನು ಕೆಲಸ ಅಂತ ಹೇಳ್ತಾರೆ. ಅರಸೀಕೆರೆಯ ಸ್ವಾಮಿಗಳೇ, ಇಂಗ್ಲಿಷ್ ಅರ್ಥವಾಗೋದಾದರೆ ಹುಡುಕಿ ನೋಡಿ. ಈ ಸಲ ಮನೆಯವರು ಇದ್ದಾಗಲೇ ನೋಡಬಹುದು, ಧೈರ್ಯ ಇದ್ದರೆ.

ಅಂದ ಹಾಗೆ, ರಿಜಿಸ್ಟರಿನ ಪ್ರಕಾರ ಕೃಷಿ-11 ಕ್ಯಾಸೆಟ್ 1998ರ ನವೆಂಬರಿನಲ್ಲಿ ಹೊರಗೆ ಹೋದದ್ದು ಇನ್ನೂ ವಾಪಸು ಬಂದಿಲ್ಲ. ತೆಗೆದುಕೊಂಡು ಹೋದವರು ಇದನ್ನು ಓದುತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಫೈನ್ ಮಾಫಿ ಮಾಡಿ, ಡಿಪಾಸಿಟ್ 200 ರೂಪಾಯಿಯನ್ನೂ ಹಿಂದಿರುಗಿಸ್ತಾರಂತೆ ಮಾವ. ರಿವೈಂಡ್ ಮಾಡಿರಬೇಕು ಅಷ್ಟೇ.